ಮಂಗನ ಕಾಯಿಲೆಯ ವೈರಸ್ ಜೀವಕೋಶ ಹೊಗುವ ಬಗೆ

ಜೀವಕೋಶದ ಮೇಲ್ಮೈ ತುಂಬ ಬಗೆಬಗೆಯ ಪ್ರೋಟೀನುಗಳೂ ಸಕ್ಕರೆಯ ಸರಪಳಿಗಳೂ ಇರುತ್ತವೆ. ಪೋಷಕಾಂಶಗಳನ್ನು ಎಳೆದುಕೊಳ್ಳಲು, ಹಾರ್ಮೋನುಗಳ ಸಂದೇಶ ಪಡೆಯಲು ಕೋಶ ಇಟ್ಟುಕೊಂಡಿರುವ ಇಂಥ ಅಣುಗಳೇ ಗ್ರಾಹಕಗಳು. ವೈರಸ್ ಒಳಹೊಗುವುದು ಇವುಗಳಿಗೇ ಅಂಟಿಕೊಂಡು. ಕೋವಿಡ್ ವೈರಸ್ ಹಿಡಿಯುವ ಎಸಿಇ2 ಪ್ರೋಟೀನಿನ ಸ್ವಂತ ಕೆಲಸ ರಕ್ತದೊತ್ತಡದ ಹತೋಟಿಗೆ ಸಂಬಂಧಿಸಿದ್ದು.

ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಇಷ್ಟು ಸರಳವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಇದು ಪತ್ತೆಯಾಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾಣಿಸಿಕೊಂಡಿದೆ. ಹರಡುವುದು ಉಣುಗು. ಉಣುಗಿನ ಕೋಶ, ಮಂಗನ ಕೋಶ, ಮನುಷ್ಯನ ಕೋಶ ಮೂರನ್ನೂ ಹೊಗಬೇಕಾದ ವೈರಸ್ ಒಂದೇ ಗ್ರಾಹಕವನ್ನು ನೆಚ್ಚಿಕೊಂಡರೆ ಬಾಳುವುದು ಕಷ್ಟ.

ಡೆಂಗಿ ವೈರಸ್ಸಿನಂತೆ ಇದೂ ಫ್ಲಾವಿವೈರಸ್. ಈ ಕುಲದ ವೈರಸ್ಸುಗಳ ಹೊದಿಕೆಯಲ್ಲಿ 'ಇ' ಪ್ರೋಟೀನಿನ 180 ಪ್ರತಿಗಳು ಜೋಡಿ ಜೋಡಿಯಾಗಿ ಮಲಗಿರುತ್ತವೆ. ಅವು ಮೊದಲು ಹೆಪರಾನ್ ಸಲ್ಫೇಟ್‌ನಂಥ ಸಕ್ಕರೆ ಸರಪಳಿಗೆ ಸಡಿಲವಾಗಿ ತಗುಲುತ್ತವೆ. ಈ ಸರಪಳಿ ಬಹುತೇಕ ಎಲ್ಲ ಪ್ರಾಣಿಗಳ ಕೋಶಗಳಲ್ಲೂ ಉಂಟು. ಬಿಗಿಯಾದ ಹಿಡಿತ ಸಿಗುವುದು ಆಮೇಲೆ, ಪ್ರೋಟೀನು ಗ್ರಾಹಕಗಳಿಂದ. ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ, ಯೂರೋಪು ಮತ್ತು ಏಷ್ಯಾದಲ್ಲಿ ಉಣುಗಿನಿಂದಲೇ ಮಿದುಳಿನ ಉರಿಯೂತ ತರುವ ವೈರಸ್, ಎಲ್‌ಆರ್‌ಪಿ8 ಎಂಬ ಗ್ರಾಹಕವನ್ನು ಬಳಸುವುದು ಇತ್ತೀಚೆಗೆ ತಿಳಿದುಬಂದಿದೆ. ಈ ಗ್ರಾಹಕ ಮಿದುಳಿನಲ್ಲಿ ಹೇರಳ. ಯಾವ ಅಂಗಕ್ಕೆ ಪೆಟ್ಟು ಬೀಳುತ್ತದೆ ಎನ್ನುವುದಕ್ಕೆ ಗ್ರಾಹಕಗಳ ಹಂಚಿಕೆಯೂ ಒಂದು ಕಾರಣ.

ಅಂಟಿಕೊಂಡ ಮಾತ್ರಕ್ಕೆ ಸೋಂಕು ತಗುಲದು. ಗ್ರಾಹಕದ ಸಮೇತ ಪೊರೆಯ ಆ ಭಾಗ ಒಳಕ್ಕೆ ಕುಸಿದು, ಚಿಕ್ಕ ಚೀಲವಾಗಿ ಕಳಚಿಕೊಂಡು ಕೋಶದೊಳಕ್ಕೆ ಸಾಗುತ್ತದೆ. ಆಹಾರ ಒಳಗೆಳೆದುಕೊಳ್ಳಲು ಕೋಶ ದಿನವೂ ಮಾಡುವ ಕೆಲಸವೇ ಇದು. ಸಾಗಿದಂತೆ ಚೀಲದೊಳಗೆ ಆಮ್ಲತೆ ಏರುತ್ತದೆ. ಕೋಶದ ಲೆಕ್ಕದಲ್ಲಿ ಅದು ಒಳಬಂದದ್ದನ್ನು ಅರಗಿಸುವ ಸಿದ್ಧತೆ. ವೈರಸ್ಸಿಗೆ ಅದೇ ಸೂಚನೆ. ಮಲಗಿದ್ದ 'ಇ' ಜೋಡಿಗಳು ಬಿಚ್ಚಿ, ಮೂರು ಮೂರಾಗಿ ಕೂಡಿ ಎದ್ದು ನಿಲ್ಲುತ್ತವೆ. ಅಷ್ಟು ಹೊತ್ತೂ ಅಡಗಿದ್ದ ಅವುಗಳ ತುದಿ ಚೀಲದ ಪೊರೆಗೆ ನಾಟುತ್ತದೆ. ಪ್ರೋಟೀನು ಮಡಚಿಕೊಂಡಾಗ ಎರಡೂ ಪೊರೆಗಳು ಒಂದಾಗಿ ರಂಧ್ರ ತೆರೆದು, ವೈರಸ್ಸಿನ ಆರ್‌ಎನ್‌ಎ ಕೋಶರಸಕ್ಕೆ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಚೀಲದ ಆಮ್ಲತೆ ತಗ್ಗಿಸಿದರೆ ಫ್ಲಾವಿವೈರಸ್ಸುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ದೇಹದ ಪ್ರತಿಕಾಯಗಳು ಹೆಚ್ಚಾಗಿ ಗುರಿಯಿಡುವುದೂ 'ಇ' ಪ್ರೋಟೀನಿಗೇ. ಕೆಲವು ಗ್ರಾಹಕ ಹಿಡಿಯಲು ಬಿಡುವುದಿಲ್ಲ; ಇನ್ನು ಕೆಲವು ವೈರಸ್ಸಿನ ಜೊತೆಯಲ್ಲೇ ಚೀಲದೊಳಗೆ ಹೋಗಿ, 'ಇ' ಬಿಚ್ಚಿಕೊಳ್ಳದಂತೆ ತಡೆಯುತ್ತವೆ.