ನೆಗೆಟಿವ್ ಇಲ್ಲದ ಕಾಲದ ಫೋಟೊಗಳು

ಯಾದಗಿರಿ ಜಿಲ್ಲೆಯ ಮಲ್ಹಾರ ಗ್ರಾಮದ ಫೋಟೊಗಳು 2025ರಲ್ಲಿ ಸುದ್ದಿಯಾದಾಗ ನಕ್ಕವರೇ ಹೆಚ್ಚು. ಉದ್ಯೋಗ ಖಾತ್ರಿ ಕೆಲಸದ ಹಾಜರಿಗೆ ಗಂಡಸರೇ ಸೀರೆ ಉಟ್ಟು, ಸೆರಗು ಹೊದ್ದು, ಹೆಂಗಸರ ಲೆಕ್ಕದಲ್ಲಿ ಕ್ಯಾಮೆರಾ ಮುಂದೆ ನಿಂತಿದ್ದರು ಎಂಬುದು ವರದಿ. ನಗೆ ಬರುವ ವಿಷಯವೇ. ಆದರೆ ಆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ಕ್ಯಾಮೆರಾ ತನ್ನ ಎದುರಿಗಿದ್ದದ್ದನ್ನು ಇದ್ದಂತೆಯೇ ಹಿಡಿದಿತ್ತು. ಸುಳ್ಳು ಇದ್ದದ್ದು ಸೀರೆಯೊಳಗೆ.

ಕೂಲಿಕಾರರ ಫೋಟೊವನ್ನು ಸ್ಥಳ, ಸಮಯದ ಗುರುತಿನೊಂದಿಗೆ ದಿನಕ್ಕೆ ಎರಡು ಸಲ ಆ್ಯಪ್‌ಗೆ ಏರಿಸಬೇಕೆಂಬ ನಿಯಮ 2023ರ ಜನವರಿಯಿಂದ ಕಡ್ಡಾಯವಾಗಿತ್ತು. ಫೋಟೊ ಇದ್ದರೆ ಮೋಸ ನಿಲ್ಲುತ್ತದೆಂಬ ಎಣಿಕೆ. 2025ರ ಜುಲೈ 8ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಆ್ಯಪ್ ಹೇಗೆಲ್ಲ ದುರ್ಬಳಕೆಯಾಗುತ್ತಿದೆ ಎಂದು ಪಟ್ಟಿ ಮಾಡಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು, ಒಂದೇ ಗುಂಪು ಹಲವು ಹಾಜರಿ ಪಟ್ಟಿಯಲ್ಲಿ, ಬೆಳಿಗ್ಗೆ ಇದ್ದವರು ಮಧ್ಯಾಹ್ನದ ಫೋಟೊದಲ್ಲಿಲ್ಲ, ಎಲ್ಲಕ್ಕಿಂತ ಜಾಣತನದ್ದೆಂದರೆ ಫೋಟೊದ್ದೇ ಫೋಟೊ ತೆಗೆದು ಏರಿಸುವುದು.

ಇಂಥ ಸುದ್ದಿ ಬಂದಾಗಲೆಲ್ಲ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: ‘ಫಿಲ್ಮ್ ರೋಲಿನ ಕಾಲದಲ್ಲಿ ಹಿಂಗಿರ್ಲಿಲ್ಲ.’ ಇದು ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲ.

ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗ ಕಡೆಯ ಹಳೆಯ ಮನೆಗಳ ಪಡಸಾಲೆಗೆ ಹೋಗಿ ಗೋಡೆ ನೋಡಿ. ಸೂರಿಗೆ ತಾಗಿದಂತೆ, ಮುಂದಕ್ಕೆ ವಾಲಿಸಿ ತೂಗುಹಾಕಿದ ಕಪ್ಪು ಬಿಳುಪು ಪಟಗಳಲ್ಲಿ ಅಜ್ಜ ಅಜ್ಜಿ ಅಕ್ಕಪಕ್ಕ ಕೂತಿರುತ್ತಾರೆ. ಸ್ವಲ್ಪ ಹತ್ತಿರ ನಿಂತು ನೋಡಿದರೆ ಅಜ್ಜನ ಮೇಲೆ ಬೆಳಕು ಎಡದಿಂದ ಬಿದ್ದಿರುತ್ತದೆ, ಅಜ್ಜಿಯ ಮೇಲೆ ಬಲದಿಂದ. ಇಬ್ಬರೂ ಒಟ್ಟಿಗೆ ಸ್ಟುಡಿಯೊ ಮೆಟ್ಟಿಲು ಹತ್ತಿದವರೇ ಅಲ್ಲ. ಒಬ್ಬರು ತೀರಿಕೊಂಡ ಮೇಲೆ ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಮುಖ ಕತ್ತರಿಸಿ, ಇನ್ನೊಬ್ಬರ ಪಕ್ಕ ಅಂಟಿಸಿ, ಅಂಟಿನ ಅಂಚಿಗೆ ಕುಂಚದಿಂದ ಬಣ್ಣ ಹಚ್ಚಿ, ಅದನ್ನು ಮತ್ತೆ ಫೋಟೊ ತೆಗೆದು ಕಾಪಿ ನೆಗೆಟಿವ್ ಮಾಡಿದ ಕೈಚಳಕ ಅದು. ಸಚಿವಾಲಯದ ಸುತ್ತೋಲೆ ಗದರಿದ ‘ಫೋಟೊದ ಫೋಟೊ’ ಊರ ಸ್ಟುಡಿಯೊಗಳಿಗೆ ಹಳೆಯ ವಿದ್ಯೆ.

ನೆಗೆಟಿವ್ ತಿದ್ದುವ ಟಚಿಂಗ್ ಕೆಲಸವಂತೂ ಒಂದು ಕಸುಬೇ ಆಗಿತ್ತು. ಇಳಿಜಾರು ಮೇಜಿನ ನಡುವೆ ಗಾಜಿನ ಕಿಂಡಿ, ಕೆಳಗಿನಿಂದ ಬೆಳಕು, ಅದರ ಮೇಲೆ ನೆಗೆಟಿವ್, ಕೈಯಲ್ಲಿ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್. ಮುಖದ ಮೇಲಿನ ಸಿಡುಬಿನ ಕಲೆ ಪ್ರಿಂಟಿನಲ್ಲಿ ಕಪ್ಪಗೆ ಕಾಣುತ್ತದೆ ಎಂದರೆ ನೆಗೆಟಿವಿನಲ್ಲಿ ಆ ಜಾಗ ತೆಳ್ಳಗಿದೆ ಎಂದರ್ಥ. ಅಲ್ಲಿಗೆ ಪೆನ್ಸಿಲಿನ ಮೊನೆಯಿಂದ ಹಗುರಾಗಿ ಚುಕ್ಕಿ ಇಟ್ಟು ತುಂಬಿದರೆ ಬೆಳಕು ತಡೆದು, ಪ್ರಿಂಟಿನಲ್ಲಿ ಕಲೆ ಮಾಯ. ಒತ್ತಿದರೆ ಬಿಳಿ ಚುಕ್ಕಿ ಬಂದು ಕೆಲಸ ಕೆಟ್ಟಿತು. ಕಪ್ಪಾಗಿಸಬೇಕಾದ ಜಾಗಕ್ಕೆ ಬ್ಲೇಡು ಹಾಕಿ ಲೇಪವನ್ನೇ ಕೆರೆಯಬೇಕು. ಗಂಡು ಕಡೆಯವರಿಗೆ ಕಳಿಸುವ ಹುಡುಗಿಯ ಫೋಟೊ ಇಂಥ ಮೇಜು ದಾಟಿಯೇ ಅಂಚೆಗೆ ಬೀಳುತ್ತಿತ್ತು.

ಸ್ಟುಡಿಯೊಗಳು ಸಿಡುಬಿನ ಕಲೆ ಅಳಿಸುತ್ತಿದ್ದ ಕಾಲದಲ್ಲೇ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಚಿತ್ರಗಳನ್ನು ತೆಗೆಯುತ್ತಿದ್ದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಒಬ್ಬರದು ಅದೇ ಕಲೆಯನ್ನು ಲೋಕಕ್ಕೆ ತೋರಿಸುವ ಕೆಲಸ, ಇನ್ನೊಬ್ಬರದು ಮರೆಮಾಚುವ ಕೆಲಸ. ಇಬ್ಬರ ಕೈಯಲ್ಲೂ ಇದ್ದದ್ದು ಫಿಲ್ಮೇ. ಸತ್ಯನ್ನರ ಚಿತ್ರ ನಂಬಿಕೆಗೆ ಅರ್ಹವಾದದ್ದು ಸತ್ಯನ್ನರಿಂದ, ರೋಲಿನಿಂದಲ್ಲ. ಇನ್ನು ಫೋಟೊವನ್ನು ಚಿತ್ರಕಲೆಯಂತೆ ಕಾಣುವ ಬೆಂಗಳೂರಿನ ಪಿಕ್ಟೋರಿಯಲ್ ಪರಂಪರೆ. ಡಾ. ಜಿ. ಥಾಮಸ್, ಸಿ. ರಾಜಗೋಪಾಲ್ ಅವರಂಥ ಹಿರಿಯರು ಬೆಳೆಸಿದ ಆ ಸಲೋನ್ (ಫೋಟೊ ಪ್ರದರ್ಶನ) ಲೋಕದಲ್ಲಿ ಡಾರ್ಕ್‌ರೂಮಿನ ಕೈಚಳಕಕ್ಕೆ ಬೆಲೆಯಿತ್ತು. ಬೋಳು ಆಕಾಶಕ್ಕೆ ಬೇರೊಂದು ನೆಗೆಟಿವಿನ ಮೋಡ ಕೂಡಿಸುವುದನ್ನು ಆ ಪಂಥದವರು ಮೋಸವೆಂದು ಎಣಿಸುತ್ತಿರಲಿಲ್ಲ. ಸಿನಿಮಾ ಮಾತೇ ಬೇಡ. 1978ರ ‘ಶಂಕರ್ ಗುರು’ವಿನಲ್ಲಿ ಮೂವರು ರಾಜ್‌ಕುಮಾರರನ್ನು ಕಂಡು ಶಿಳ್ಳೆ ಹೊಡೆದ ನಾವು ಫೋಟೊಶಾಪನ್ನು ಬೈಯುವುದು ಯಾವ ಬಾಯಿಂದ?

ತಿದ್ದುವುದು ಯಾವಾಗ ಮೋಸವಾಗುತ್ತದೆ ಎಂಬುದನ್ನು ಅಡಿಕೆಯ ಊರಾದ ಭೀಮಸಮುದ್ರದವರಿಗೆ ಅವರದೇ ಮಾತಿನಲ್ಲಿ ಹೇಳಬಹುದು. ಅಡಿಕೆ ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕೊಟ್ಟು ಒಣಗಿಸಿದರೆ ಕೆಂಪು ಹೊಳಪು ಬರುತ್ತದೆ. ಚೊಗರು ಕೊಟ್ಟಿದೆಯೆಂದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಹಾಗಾಗಿ ಅದು ಹದ, ವಂಚನೆಯಲ್ಲ. ಸ್ಟುಡಿಯೊ ಟಚಿಂಗ್ ಕೂಡ ಅಂಥ ಚೊಗರೇ. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿಲ್ಲದಂತೆ ಬಣ್ಣ ಬಿದ್ದಾಗ ತಕರಾರು ಶುರು.

ಈಗ ಬಿದ್ದಿರುವುದು ಅಂಥ ಬಣ್ಣ, ಅದೂ ಫೋಟೊ ತೆಗೆದವನಿಗೇ ತಿಳಿಯದ ಹಾಗೆ. ಒಂದು ರಾಶಿ ಅಡಿಕೆಯನ್ನು ಎರಡು ಕಂಪನಿಯ ಎರಡು ಮೊಬೈಲಿನಲ್ಲಿ ಹಿಡಿದು ನೋಡಿ. ಒಂದರಲ್ಲಿ ಇಟ್ಟಿಗೆ ಕೆಂಪು, ಇನ್ನೊಂದರಲ್ಲಿ ಮಾಣಿಕ್ಯದ ಕೆಂಪು. ಗುಂಡಿ ಒತ್ತಿದ ಕ್ಷಣದಲ್ಲಿ ಫೋನು ಹಲವು ಚಿತ್ರ ತೆಗೆದು, ಕೂಡಿಸಿ, ನೆರಳು ಎತ್ತಿ, ಬಣ್ಣ ಏರಿಸಿ ‘ಚೆನ್ನಾದ’ ಒಂದನ್ನು ಕೊಡುತ್ತದೆ. ವಾಟ್ಸ್‌ಆ್ಯಪ್ ಫೋಟೊ ನೋಡಿ ದರ ಕಟ್ಟಿದವನು ಕೈಸುಟ್ಟುಕೊಂಡಾನು. ಅಡಿಕೆಯನ್ನು ಕೈಗೆತ್ತಿಕೊಂಡು, ಕತ್ತರಿಸಿ, ಒಳಗಿನ ಹೋಳು ನೋಡುವ ಹಳೆಯ ಪದ್ಧತಿಗೆ ಇನ್ನೂ ಬದಲಿ ಬಂದಿಲ್ಲ. 2023ರ ಮಾರ್ಚಿನಲ್ಲಿ ಒಬ್ಬಾತ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದ. ಪರದೆಯ ಮೇಲೆ ಇಲ್ಲವೇ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದವು. ಚಂದ್ರ ಹೀಗಿರಬೇಕೆಂದು ಫೋನಿಗೆ ಮೊದಲೇ ಗೊತ್ತಿತ್ತು.

ಇಷ್ಟಕ್ಕೆಲ್ಲ ಬೀಜ ಬಿದ್ದದ್ದು ಫಿಲ್ಮ್ ಕಂಪನಿಯೊಳಗೇ. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೊ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ಬೇಕಿತ್ತು. 2012ರ ಜನವರಿಯಲ್ಲಿ ಅದೇ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ನಮ್ಮ ಸ್ಟುಡಿಯೊಗಳಿಗೆ ‘ಇಂದು’ ರೋಲು ಕೊಟ್ಟ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕೂಡ ಬಾಗಿಲು ಹಾಕಿತು. 120ರ ರೋಲಿನಲ್ಲಿ 12 ಫೋಟೊ ಎಂದು ಎಣಿಸಿ ಗುಂಡಿ ಒತ್ತುತ್ತಿದ್ದವರು ಈಗ ಮದುವೆಗೆ ಸಾವಿರಗಟ್ಟಲೆ ಹೊಡೆಯುತ್ತಾರೆ, ಆಲ್ಬಮ್ಮಿನಲ್ಲಿ ವಧೂವರರನ್ನು ಸ್ವಿಟ್ಜರ್ಲೆಂಡಿನ ಮಂಜಿನಲ್ಲಿ ನಿಲ್ಲಿಸುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಯಾರೂ ಅದನ್ನು ನಿಜವೆಂದು ನಂಬುವುದಿಲ್ಲವಲ್ಲ.

ತಕರಾರು ಇರುವುದು 2023ರ ನವೆಂಬರಿನಂಥ ಘಟನೆಗೆ. ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಕೂಡಿಸಿ ಹರಿಬಿಟ್ಟರು. ಅಸಲಿ ವಿಡಿಯೊ ಸಿಕ್ಕಿದ್ದರಿಂದ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಲು ಆಯಿತು. ನಟಿಯಾದ್ದರಿಂದ ದೇಶವೇ ಮಾತಾಡಿತು, ಪೊಲೀಸರು ಆರೋಪಿಯನ್ನು ಹಿಡಿದರು. ಹೊಸದುರ್ಗದ ಕಾಲೇಜು ಹುಡುಗಿಯೊಬ್ಬಳಿಗೆ ಹೀಗಾದರೆ ಅಸಲಿಯನ್ನು ಹುಡುಕಿ ಕೊಡುವವರು ಯಾರು?

ಫಿಲ್ಮ್ ಕಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಫಿಲ್ಮ್ ಸುಳ್ಳು ಹೇಳುತ್ತಿತ್ತು, ಆದರೆ ನೆಗೆಟಿವ್ ಎಂಬ ಸಾಕ್ಷಿಯನ್ನು ಬಿಟ್ಟು ಹೋಗುತ್ತಿತ್ತು. ಪೆನ್ಸಿಲಿನ ಗುರುತು, ಬ್ಲೇಡಿನ ಗೀರು, ಹಿಂದಿನ ಮುಂದಿನ ಫ್ರೇಮು, ಎಲ್ಲವೂ ಅದರ ಮೇಲೇ. ಕೋರ್ಟಿನಲ್ಲಿ ಫೋಟೊ ಹಾಜರುಪಡಿಸಿದರೆ ಎದುರು ವಕೀಲರು ಮೊದಲು ಕೇಳುತ್ತಿದ್ದದ್ದು ‘ನೆಗೆಟಿವ್ ಎಲ್ಲಿ, ತೆಗೆದವನೆಲ್ಲಿ’ ಎಂದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇದೇ ಪ್ರಶ್ನೆಯನ್ನು ಡಿಜಿಟಲ್ ಫೋಟೊಗೂ ಕೇಳುತ್ತದೆ: ಯಾವ ಸಾಧನದಿಂದ ಬಂತು ಎಂಬ ಪ್ರಮಾಣಪತ್ರ, ಜೊತೆಗೆ ಕಡತದ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ. ಒಂದು ಪಿಕ್ಸೆಲ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಆದರೆ ಹ್ಯಾಶ್ ತೆಗೆಯಲು ಅಸಲಿ ಕಡತ ಉಳಿದಿರಬೇಕು. ಅದನ್ನೇ ನಾವು ಉಳಿಸುತ್ತಿಲ್ಲ.

ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 130 ಅಡಿ ತುಂಬಿ ಕೋಡಿ ಹರಿದದ್ದು 89 ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ. 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಜಿಲ್ಲೆಯ ಮೊಬೈಲುಗಳೆಲ್ಲ ಆ ನೀರನ್ನು ಹಿಡಿದವು, ಗುಂಪಿನಿಂದ ಗುಂಪಿಗೆ ತಳ್ಳಿದವು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲು ಫೋಟೊವಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ. ತೆಗೆದ ದಿನ, ಕ್ಯಾಮೆರಾ, ಸ್ಥಳದ ವಿವರವೆಲ್ಲ ಉದುರಿಹೋಗುತ್ತದೆ. ಈಗ ನಿಮ್ಮ ಫೋನಿನಲ್ಲಿರುವ ಕೋಡಿಯ ಚಿತ್ರ 2022ರದೋ 2025ರದೋ ಹೇಳಿ ನೋಡೋಣ. ಸುಳ್ಳು ಮಾಡಲು ಯಾರೂ ಏನನ್ನೂ ತಿದ್ದಬೇಕಿಲ್ಲ, ಕೆಳಗೆ ಬೇರೆ ಇಸವಿ ಬರೆದರೆ ಸಾಕು.

ಫೋಟೊವನ್ನು ದಾಖಲೆಯಾಗಿಸುವ ಪಾಠವೂ ಇದೇ ಜಿಲ್ಲೆಯಲ್ಲಿದೆ. ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅಗೆದ ಮಣ್ಣಿನ ಪದರವನ್ನು ಮತ್ತೆ ಹಾಗೆಯೇ ಕೂಡಿಸಲಾಗದು. ಉಳಿಯುವುದು ನಕ್ಷೆ ಮತ್ತು ಫೋಟೊ ಮಾತ್ರ. ಅದಕ್ಕೇ ವೀಲರ್ ಗುಂಡಿಯ ಗೋಡೆಯನ್ನು ನೀಟಾಗಿ ಕೆತ್ತಿಸಿ, ಅಳತೆ ಕೋಲು ನಿಲ್ಲಿಸಿ, ಆಮೇಲಷ್ಟೇ ಚಿತ್ರ ತೆಗೆಸುವ ಶಿಸ್ತಿನವರು. ಅಳತೆ, ಜಾಗ, ದಿನ ಎಂಬ ಮೂರು ಇದ್ದರೆ ಯಾವ ಕ್ಯಾಮೆರಾದ ಚಿತ್ರವೂ ದಾಖಲೆಯಾಗುತ್ತದೆ.

ಇತ್ತ ಮುಚ್ಚುತ್ತಿರುವ ಸ್ಟುಡಿಯೊಗಳ ನೆಗೆಟಿವ್‌ಗಳು ಕ್ವಿಂಟಲ್ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಅದರೊಳಗಿನ ಬೆಳ್ಳಿಗಾಗಿ ಸುಡುವವರಿದ್ದಾರೆ. ಉಳಿದವಕ್ಕೆ ಬೂಷ್ಟು ಹಿಡಿಯುತ್ತದೆ. ಡಬ್ಬಿ ತೆರೆದಾಗ ಹುಳಿ ವಿನೆಗರ್ ವಾಸನೆ ಬಂದರೆ ಫಿಲ್ಮ್ ಕೊಳೆಯತೊಡಗಿದೆ ಎಂದೇ ಲೆಕ್ಕ. ಊರಿನ ಹಳೆಯ ಸ್ಟುಡಿಯೊದಲ್ಲಿ ನಿಮ್ಮ ಮನೆಯವರ ನೆಗೆಟಿವ್ ಇದ್ದರೆ ಈ ವಾರವೇ ಹೋಗಿ ಕೇಳಿ ತನ್ನಿ, ಸ್ಕ್ಯಾನ್ ಮಾಡಿಸಿ, ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ. ಪಹಣಿ, ಜಗಳ, ಅಪಘಾತ, ಬೆಳೆ ಹಾನಿ ಇಂಥದ್ದಕ್ಕೆ ತೆಗೆದ ಮೊಬೈಲ್ ಫೋಟೊದ ಅಸಲಿಯನ್ನು ಅಳಿಸಬೇಡಿ. ಯಾರಿಗಾದರೂ ಕಳಿಸುವುದಿದ್ದರೆ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿ, ಆಗ ದಿನಾಂಕದ ವಿವರ ಕಡತದಲ್ಲೇ ಉಳಿಯುತ್ತದೆ.