ಆರ್ಕೇಡ್ ಷೂಟರ್ ಆಟಗಳ ಮೂಲವೂ ಪಾಠಾಂತರಗಳೂ

ಪ್ರಾಚೀನ ಗ್ರಂಥಗಳ ಪರಿಷ್ಕರಣದಲ್ಲಿ ತೊಡಗಿದವರಿಗೆ ಪಾಠಾಂತರವೆಂಬುದು ಚಿರಪರಿಚಿತವಾದ ವಿಷಯ. ಲಿಪಿಕಾರನ ಅಜ್ಞಾನದಿಂದಲೋ ಅನವಧಾನದಿಂದಲೋ, ಒಮ್ಮೊಮ್ಮೆ ಆತನ ಅತಿಬುದ್ಧಿಯಿಂದಲೋ ಮೂಲವು ಮಾರ್ಪಡುತ್ತದೆ. ಆದರೆ ಲಿಪಿಕಾರನು ನಿರ್ದೋಷಿಯಾಗಿದ್ದು, ಬರೆಯುವ ಓಲೆಯೇ ಮಾರ್ಪಾಡಿಗೆ ಕಾರಣವಾಗುವುದುಂಟೆ? ಈ ಪ್ರಶ್ನೆಗೆ ಹೇರಳವಾಗಿ ಉದಾಹರಣೆಗಳನ್ನು ಒದಗಿಸುವ ಕ್ಷೇತ್ರವೊಂದುಂಟು. ಆರ್ಕೇಡ್ ಎಂಬ ಸಾರ್ವಜನಿಕ ಕ್ರೀಡಾಗೃಹಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಷೂಟರ್ ಆಟಗಳು, ಅಂದರೆ ಶತ್ರುಗಳನ್ನು ಗುಂಡಿಟ್ಟು ಕೆಡಹುವ ವಿಡಿಯೋ ಆಟಗಳು, ಮನೆಯ ಟೆಲಿವಿಷನ್ನಿಗೆ ಜೋಡಿಸುವ ಕನ್ಸೋಲುಗಳಿಗೂ ಗಣಕಯಂತ್ರಗಳಿಗೂ ಇಳಿದು ಬಂದ ಬಗೆಯೇ ಅದು. ಇಂಥ ರೂಪಾಂತರಕ್ಕೆ ಆ ವಲಯದವರು ಪೋರ್ಟ್ ಎಂದು ಹೆಸರಿಟ್ಟಿದ್ದಾರೆ. ಇದು ಆಟದ ವಿಷಯವೆಂದು ವಿದ್ವಾಂಸರು ಉಪೇಕ್ಷಿಸಬೇಕಾದುದಿಲ್ಲ.

ಮೊದಲು ಸ್ಪೇಸ್ ಇನ್ವೇಡರ್ಸ್ ಎಂಬ ಆಟವನ್ನು ನೋಡೋಣ. ಜಪಾನಿನ ಟೈಟೋ ಸಂಸ್ಥೆಗಾಗಿ ತೊಮೊಹಿರೊ ನಿಷಿಕಾಡೊ ಎಂಬುವರು ೧೯೭೮ರಲ್ಲಿ ಇದನ್ನು ರಚಿಸಿದರು. ಸಾಲಿಗೆ ಹನ್ನೊಂದರಂತೆ ಐದು ಸಾಲುಗಳಲ್ಲಿ ಒಟ್ಟು ೫೫ ಅನ್ಯಲೋಕದ ಜೀವಿಗಳು ಪಕ್ಕಕ್ಕೆ ಸರಿಯುತ್ತ, ಅಂಚು ಮುಟ್ಟಿದೊಡನೆ ಕೆಳಗಿಳಿಯುತ್ತ ಬರುತ್ತವೆ. ಆಟಗಾರನು ನಾಲ್ಕು ಗುರಾಣಿಗಳ ಮರೆಯಿಂದ ಅವನ್ನು ಹೊಡೆಯಬೇಕು. ಯಂತ್ರದ ಹೃದಯವು ಇಂಟೆಲ್ ೮೦೮೦ ಎಂಬ ಸಂಸ್ಕಾರಕ. ಅದರ ವೇಗ ೨ ಮೆಗಾಹರ್ಟ್ಸ್. ತೆರೆಯ ಚಿತ್ರವು ಸೆಕೆಂಡಿಗೆ ಸುಮಾರು ೬೦ ಸಲ ಹೊಸದಾಗುತ್ತದೆಯಾದರೂ, ಒಂದೊಂದು ಸಲಕ್ಕೆ ಒಂದೇ ಒಂದು ಜೀವಿಯನ್ನು ಸರಿಸಲು ಮಾತ್ರ ಕ್ರಮವಿಧಿಯಲ್ಲಿ ಅವಕಾಶವಿದೆ. ಆದುದರಿಂದ ೫೫ ಜೀವಿಗಳೂ ಇರುವಾಗ ಇಡೀ ಪಡೆಯು ಒಂದು ಹೆಜ್ಜೆಯಿಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಜೀವಿಗಳು ಸತ್ತಂತೆಲ್ಲ ಯಂತ್ರದ ಹೊರೆ ಕಡಿಮೆಯಾಗಿ ಉಳಿದವು ಬೇಗಬೇಗ ಸರಿಯತೊಡಗುತ್ತವೆ. ಕೊನೆಗುಳಿದ ಒಂದು ಜೀವಿ ಸೆಕೆಂಡಿಗೆ ೬೦ ಹೆಜ್ಜೆ ಹಾಕಿ ಓಡುವಾಗ ಆಟಗಾರನ ಎದೆಯೂ ಹಾಗೆಯೇ ಬಡಿದುಕೊಳ್ಳುವುದು. ಗೆಲವು ಸಮೀಪಿಸಿದಷ್ಟೂ ಅಪಾಯ ಹೆಚ್ಚುವ ಈ ವಿನ್ಯಾಸವೇ ಆಟದ ಪ್ರಾಣವೆನ್ನಬೇಕು. ಅದು ಯಂತ್ರದ ದೌರ್ಬಲ್ಯದಿಂದ ತಾನಾಗಿ ಹುಟ್ಟಿತು. ಕರ್ತೃವು ಅದನ್ನು ಕಂಡು, ಮೆಚ್ಚಿ, ಉಳಿಸಿಕೊಂಡನು.

ಈ ಆಟವು ೧೯೮೦ರಲ್ಲಿ ಅಟಾರಿ ೨೬೦೦ ಎಂಬ ಗೃಹಯಂತ್ರಕ್ಕೆ ಇಳಿಯಿತು. ಆರ್ಕೇಡಿನ ಆಟವೊಂದನ್ನು ವಿಧಿವತ್ತಾಗಿ ಪರವಾನಗಿ ಪಡೆದು ಮನೆಯ ಕನ್ಸೋಲಿಗೆ ತಂದುದು ಇದೇ ಮೊದಲು. ರೂಪಾಂತರಕಾರ ರಿಕ್ ಮೌರರ್. ಆತನಿಗೆ ದೊರೆತ ಓಲೆ ಎಷ್ಟು ಕಿರಿದೆಂಬುದನ್ನು ಗಮನಿಸಬೇಕು. ಮೂಲಯಂತ್ರವು ತೆರೆಯ ಚಿತ್ರವೊಂದಕ್ಕೇ ೭೧೬೮ ಬೈಟುಗಳ ಸ್ಮೃತಿಯನ್ನು ಮೀಸಲಿಟ್ಟಿತ್ತು. ಅಟಾರಿಯಲ್ಲಿದ್ದುದು ಎಲ್ಲ ಕೆಲಸಕ್ಕೂ ಸೇರಿ ೧೨೮ ಬೈಟುಗಳು ಮಾತ್ರ. ಚಿತ್ರವನ್ನು ಬರೆದಿಟ್ಟುಕೊಳ್ಳಲು ಸ್ಥಳವೇ ಇಲ್ಲದ ಕಾರಣ, ಟೆಲಿವಿಷನ್ನಿನ ಕಿರಣವು ತೆರೆಯ ಮೇಲೆ ಗೆರೆಗೆರೆಯಾಗಿ ಸಾಗುತ್ತಿರುವಾಗಲೇ ಆಯಾ ಗೆರೆಯಲ್ಲಿ ಏನಿರಬೇಕೆಂಬುದನ್ನು ಕ್ರಮವಿಧಿಯು ಹೇಳುತ್ತ ಹೋಗಬೇಕು. ಒಂದು ಗೆರೆಯಲ್ಲಿ ಆ ಯಂತ್ರವು ತೋರಿಸಬಲ್ಲ ಮುಖ್ಯ ಆಕೃತಿಗಳು ಎರಡೇ. ಆದರೆ ಪ್ರತಿಯೊಂದು ಆಕೃತಿಯನ್ನೂ ಮೂರು ಸಲ ಪುನರಾವರ್ತಿಸುವ ಸೌಕರ್ಯ ಅದಕ್ಕಿತ್ತು. ಎರಡು ಮೂರಲೆ ಆರು. ಅಟಾರಿಯ ಪಾಠದಲ್ಲಿ ಸಾಲಿಗೆ ಹನ್ನೊಂದರ ಬದಲು ಆರು ಜೀವಿಗಳಿರುವುದರ ರಹಸ್ಯ ಇದೇ. ಆರು ಸಾಲುಗಳಲ್ಲಿ ಒಟ್ಟು ೩೬, ಗುರಾಣಿಗಳು ಮೂರು.

ಇಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಅಟಾರಿಯಲ್ಲಿ ಒಂದು ಸಾಲಿನ ಪ್ರತಿರೂಪಗಳೆಲ್ಲ ಒಟ್ಟಿಗೆ ಸರಿಯುವುವಾದ್ದರಿಂದ, ಹೊರೆ ಇಳಿದಂತೆ ವೇಗವೇರುವ ಮೂಲದ ಗುಣ ತಾನಾಗಿ ಬರಲಾರದು. ಆದರೂ ಆಟದಲ್ಲಿ ವೇಗವೇರುತ್ತದೆ. ಅಂದರೆ ರೂಪಾಂತರಕಾರನು ಅದನ್ನು ಬುದ್ಧಿಪೂರ್ವಕವಾಗಿ ಬರೆದು ಸೇರಿಸಿದ್ದಾನೆ. ಮೂಲದಲ್ಲಿ ಆಕಸ್ಮಿಕವಾಗಿದ್ದುದು ಪ್ರತಿಯಲ್ಲಿ ಸಂಕಲ್ಪವಾಯಿತು. ಸಂಖ್ಯೆಯನ್ನು ಬಿಟ್ಟು ಪ್ರಾಣವನ್ನು ಉಳಿಸಿದ ಈ ವಿವೇಕ ಶ್ಲಾಘ್ಯವಾದುದು. ಸಾಲದುದಕ್ಕೆ ಅದೃಶ್ಯ ಜೀವಿಗಳು, ಚಲಿಸುವ ಗುರಾಣಿಗಳು, ಅಂಕುಡೊಂಕಾಗಿ ಬೀಳುವ ಬಾಂಬುಗಳು ಮೊದಲಾದ ಭೇದಗಳನ್ನು ಕಲ್ಪಿಸಿ, ಒಂದೇ ಆಟವನ್ನು ೧೧೨ ಬಗೆಯಾಗಿ ಆಡಲು ಅನುವು ಮಾಡಿಕೊಟ್ಟಿದ್ದಾನೆ. ಅದೇ ಅಟಾರಿ ಸಂಸ್ಥೆಯ ೮ ಬಿಟ್ ಗಣಕಯಂತ್ರಗಳ ಪಾಠವಾದರೋ, ಹೆಚ್ಚು ಸಾಮರ್ಥ್ಯದ ಯಂತ್ರವಿದ್ದೂ, ಗುರಾಣಿಗಳನ್ನೇ ಕಿತ್ತುಹಾಕಿ ಎಡಗಡೆ ಒಂದು ರಾಕೆಟ್ಟನ್ನು ನಿಲ್ಲಿಸಿತು. ಓಲೆ ದೊಡ್ಡದಾದ ಮಾತ್ರಕ್ಕೆ ಪಾಠ ಶುದ್ಧವಾಗುವುದಿಲ್ಲ.

ಕೊನಾಮಿ ಸಂಸ್ಥೆಯ ಗ್ರೇಡಿಯಸ್ (೧೯೮೫) ಎಂಬ ಆಟದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಆಟಗಾರನ ನೌಕೆಯನ್ನು ನೆರಳಿನಂತೆ ಹಿಂಬಾಲಿಸಿ ಗುಂಡು ಹಾರಿಸುವ ಆಪ್ಷನ್ ಎಂಬ ಗೋಳಗಳುಂಟು. ಮೂಲದಲ್ಲಿ ನಾಲ್ಕರವರೆಗೆ ಪಡೆಯಬಹುದು. ೧೯೮೬ರ ಫ್ಯಾಮಿಕಾಮ್ ಪಾಠದಲ್ಲಿ ಅವು ಎರಡಕ್ಕೆ ಇಳಿದುವು. ಉದ್ದವಾದ ಲೇಸರ್ ಕಿರಣವು ಮೊಟಕಾಯಿತು. ಆ ಯಂತ್ರವು ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟುಗಳನ್ನು, ಎಂದರೆ ಚಲಿಸುವ ಚಿತ್ರಖಂಡಗಳನ್ನು, ತೋರಿಸಲಾರದೆಂಬುದನ್ನು ನೆನೆದರೆ ಈ ಮಿತವ್ಯಯ ಅರ್ಥವಾಗುತ್ತದೆ. ಎಂ.ಎಸ್.ಎಕ್ಸ್. ಗಣಕದಲ್ಲಿ ಹಿನ್ನೆಲೆಯನ್ನು ನಯವಾಗಿ ಸರಿಸುವ ಸೌಕರ್ಯವೇ ಇರಲಿಲ್ಲವಾಗಿ, ಅಲ್ಲಿ ಆಕಾಶವು ಎಂಟೆಂಟು ಬಿಂದುಗಳ ಕುಪ್ಪಳಿಕೆಯಿಂದ ಸಾಗುತ್ತದೆ. ೧೯೮೭ರಲ್ಲಿ ಶಾರ್ಪ್ ಸಂಸ್ಥೆಯ ಎಕ್ಸ್ ೬೮೦೦೦ ಗಣಕದೊಡನೆ ಬಂದ ಪಾಠವು ಮಾತ್ರ ಮೂಲಕ್ಕೆ ಅತ್ಯಂತ ಸಮೀಪವಾದುದು. ಎರಡಕ್ಕೂ ಮೊಟೊರೋಲ ೬೮೦೦೦ ಸಂಸ್ಕಾರಕವೇ ಆಧಾರವಾಗಿತ್ತು.

ಫ್ಯಾಮಿಕಾಮ್ ಪಾಠದಲ್ಲಿ ಒಂದು ಪ್ರಕ್ಷೇಪವೂ ಇದೆ. ರೂಪಾಂತರದಲ್ಲಿ ತೊಡಗಿದ್ದ ಕಜುಹಿಸ ಹಷಿಮೊಟೊ ಎಂಬುವರಿಗೆ ಪರೀಕ್ಷೆಯ ಸಮಯದಲ್ಲಿ ಆಟ ತೀರ ಕಠಿನವೆನಿಸಿ, ಗುಂಡಿಗಳನ್ನು ಒಂದು ನಿಯತಕ್ರಮದಲ್ಲಿ ಒತ್ತಿದರೆ ಆಯುಧಗಳೆಲ್ಲ ಒಮ್ಮೆಗೇ ದೊರೆಯುವಂತೆ ಗುಟ್ಟಾಗಿ ಏರ್ಪಾಡು ಮಾಡಿಕೊಂಡರು. ಅದು ಹಾಗೆಯೇ ಉಳಿದು, ಕೊನಾಮಿ ಸಂಕೇತವೆಂದು ಲೋಕಪ್ರಸಿದ್ಧವಾಯಿತು. ಮೂಲವನ್ನೆಂದೂ ಕಾಣದವರೂ ಈ ಪ್ರಕ್ಷಿಪ್ತಭಾಗವನ್ನು ಬಲ್ಲರು!

ಐರೆಮ್ ಸಂಸ್ಥೆಯ ಆರ್-ಟೈಪ್ (೧೯೮೭) ಆಟದ ಸಂತತಿ ಬಹು ವಿಸ್ತಾರವಾದುದು. ಪಿ.ಸಿ. ಎಂಜಿನ್ ಯಂತ್ರಕ್ಕೆ ಅದು ೧೯೮೮ರಲ್ಲಿ ಜಪಾನಿನಲ್ಲಿ ಎರಡು ಸಂಪುಟಗಳಾಗಿ ಬಂದಿತು, ಒಂದೊಂದರಲ್ಲಿ ನಾಲ್ಕು ಘಟ್ಟಗಳು. ಅಮೆರಿಕದಲ್ಲಿ ಎಂಟೂ ಒಂದೇ ಸಂಪುಟದಲ್ಲಿ ಸೇರಿದುವು. ಸ್ಪೆಕ್ಟ್ರಮ್ ಗಣಕದಲ್ಲಿ ಸ್ಪ್ರೈಟುಗಳೂ ಇಲ್ಲ, ತೆರೆ ಸರಿಸುವ ಸೌಕರ್ಯವೂ ಇಲ್ಲ. ಎಂಟು ಬಿಂದುಗಳ ಒಂದು ಚೌಕದಲ್ಲಿ ಎರಡೇ ಬಣ್ಣಗಳು. ಅಂತಹುದರಲ್ಲಿ ಬಾಬ್ ಪೇಪ್ ಎಂಬಾತನು ವರ್ಣಮಯವಾದ ಪಾಠವೊಂದನ್ನು ಸಿದ್ಧಗೊಳಿಸಿದುದು ಸಾಮಾನ್ಯ ಸಾಹಸವಲ್ಲ. ವಿನೋದದ ಸಂಗತಿಯೆಂದರೆ, ಇದೇ ಆಟವನ್ನು ಬಹುಮಟ್ಟಿಗೆ ಅನುಕರಿಸಿ ಜರ್ಮನಿಯಲ್ಲಿ ಕಟಾಕಿಸ್ ಎಂಬ ಆಟವನ್ನು ರಚಿಸಿದವರಿಗೇ ಕಾಮೊಡೋರ್ ೬೪ ಮತ್ತು ಅಮಿಗಾ ಗಣಕಗಳ ಅಧಿಕೃತ ಪಾಠಗಳನ್ನು ಸಿದ್ಧಪಡಿಸುವ ಕೆಲಸ ದೊರೆಯಿತು.

ಇನ್ನು ಕಠಿನವಾದ ಪ್ರಶ್ನೆಯೊಂದು ಉಳಿದಿದೆ. ಗ್ರೇಡಿಯಸ್ ೩ ಎಂಬ ಆಟದ ಸೂಪರ್ ಫ್ಯಾಮಿಕಾಮ್ ಪಾಠದಲ್ಲಿ (೧೯೯೦), ತೆರೆಯ ಮೇಲೆ ಶತ್ರುಗಳೂ ಗುಂಡುಗಳೂ ಕಿಕ್ಕಿರಿದಾಗ ಯಂತ್ರವು ದಣಿದು ಇಡೀ ಆಟ ನಿಧಾನವಾಗುತ್ತದೆ. ಇದು ದೋಷವೇ ಸರಿ. ಆದರೆ ಆಟಗಾರನಿಗೆ ಯೋಚಿಸಲು ಬಿಡುವು ದೊರೆಯುವುದೂ ಆ ನಿಧಾನದಲ್ಲಿಯೇ. ೨೦೧೯ರಲ್ಲಿ ಒಬ್ಬ ಹವ್ಯಾಸಿಯು ಹೆಚ್ಚಿನ ಸಂಸ್ಕಾರಕವೊಂದರ ನೆರವಿನಿಂದ ಈ ನಿಧಾನವನ್ನು ಹೋಗಲಾಡಿಸಿದನು. ಆಟವು ಸರಾಗವಾಯಿತು, ಅಷ್ಟೇ ದುಸ್ಸಾಧ್ಯವೂ ಆಯಿತು. ಇವೆರಡರಲ್ಲಿ ಸಾಧುಪಾಠ ಯಾವುದು? ಸ್ಪೇಸ್ ಇನ್ವೇಡರ್ಸ್‌ನ ವೇಗವೂ ಯಂತ್ರದ ಅಶಕ್ತಿಯಿಂದಲೇ ಹುಟ್ಟಿತಷ್ಟೆ. ಅದನ್ನು ತಿದ್ದಬೇಕೆಂದು ಯಾರೂ ಹೇಳಲಾರರು. ಲಕ್ಷಾಂತರ ಜನ ಆಡಿ ಬಲ್ಲ ಪಾಠವನ್ನು ತಿದ್ದುವಾತನು ತಿದ್ದಿದ ಸ್ಥಳವನ್ನು ಗುರುತಿಸಿ, ಹಳೆಯದನ್ನೂ ಜೊತೆಯಲ್ಲಿ ಉಳಿಸಬೇಕೆಂಬುದು ನನ್ನ ಅಭಿಪ್ರಾಯ.

ಮೂಲಯಂತ್ರಗಳೇ ಇವೆಯಲ್ಲ, ಪ್ರತಿಗಳ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಮೂಲಗಳೂ ನಶಿಸುತ್ತಿವೆ. ಗ್ರೇಡಿಯಸ್ ಮೊದಲು ಹೊರಬಂದುದು ಬಬಲ್ ಸ್ಮೃತಿಯೆಂಬ ಕಾಂತೀಯ ಸಾಧನದಲ್ಲಿ. ಅದು ಬಿಸಿಯಾಗದ ಹೊರತು ಕೆಲಸಮಾಡದು, ಬೇಗ ಕೆಡುವ ಸ್ವಭಾವವುಳ್ಳದ್ದು. ಬೆಳಗ್ಗೆ ಯಂತ್ರವನ್ನು ಚಾಲೂ ಮಾಡಿದಾಗ ಅದು ಬಿಸಿಯಾಗುವವರೆಗೆ ತೆರೆಯ ಮೇಲೆ ಅಂಕಿಗಳು ಇಳಿಯುತ್ತಿರುತ್ತವೆ, ಮೃದುವಾದ ಸಂಗೀತವೊಂದು ನುಡಿಯುತ್ತಿರುತ್ತದೆ. ನೆಮೆಸಿಸ್ ಎಂಬ ಹೆಸರಿನಿಂದ ಪರದೇಶಗಳಿಗೆ ಹೋದ ಯಂತ್ರಗಳಲ್ಲಿ ಸಾಧಾರಣ ಸ್ಮೃತಿಯನ್ನೇ ಬಳಸಿದುದರಿಂದ ಕಾಯುವ ಕಾರಣವೂ ಇರಲಿಲ್ಲ, ಆ ಸಂಗೀತವೂ ಇರಲಿಲ್ಲ.