ಬಾಡಿಗೆ ಗೋದಾಮಿನ ಪಾಲನೆ

ಹೊಲದಲ್ಲಿ ನಾಲ್ಕು ತಿಂಗಳು ದುಡಿದು ಬೆಳೆದ ಫಸಲು ಗೋದಾಮಿನಲ್ಲಿ ನಾಲ್ಕೇ ವಾರಗಳಲ್ಲಿ ಕೆಟ್ಟುಹೋಗಬಹುದು. ಅನೇಕ ರೈತರು ಮತ್ತು ಸಹಕಾರ ಸಂಘಗಳು ಗೋದಾಮು ಕಟ್ಟಿಸಿ ಬಾಡಿಗೆಗೆ ಕೊಡುವುದನ್ನು ಉಪಕಸುಬಾಗಿ ಕೈಗೊಂಡಿದ್ದಾರೆ. ಆದರೆ ಕಟ್ಟಿಸುವಾಗ ಇದ್ದ ಆಸಕ್ತಿ ಪಾಲನೆಯಲ್ಲಿ ಉಳಿಯುವುದು ವಿರಳ. ಗೋದಾಮಿನ ಮಾಲೀಕನು ಬಾಡಿಗೆಗೆ ಕೊಡುವುದು ಬರಿಯ ನಾಲ್ಕು ಗೋಡೆಗಳನ್ನಲ್ಲ. ತೇವವಿಲ್ಲದ, ಇಲಿ-ಹುಳುಗಳ ಕಾಟವಿಲ್ಲದ ಜಾಗವನ್ನು. 2007ರ ಉಗ್ರಾಣ ಕಾಯಿದೆಯಂತೆ ನೋಂದಣಿಯಾದ ಉಗ್ರಾಣಗಳ ರಸೀದಿಯ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಲು ಅವಕಾಶವಿದೆ. ದಾಸ್ತಾನು ಕೆಟ್ಟರೆ ಆ ರಸೀದಿಗೆ ಬೆಲೆ ಉಳಿಯುವುದಿಲ್ಲ.

ಚಾವಣಿ ಮತ್ತು ಮಳೆ ನೀರು

20 ಮೀಟರ್ ಉದ್ದ, 10 ಮೀಟರ್ ಅಗಲದ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು ಸೇರುತ್ತದೆ. ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡರೆ ಈ ನೀರು ಗೋಡೆಯ ಮೇಲೆ ಹರಿದು ಅಡಿಪಾಯಕ್ಕೆ ಇಳಿಯುತ್ತದೆ. ಆದ್ದರಿಂದ ಯುಗಾದಿ ಕಳೆದ ಮೇಲೆ, ಮೃಗಶಿರಾ ಮಳೆ ಹಿಡಿಯುವುದರೊಳಗೆ ದುರಸ್ತಿ ಮುಗಿದಿರಬೇಕು.

ಸೋರುವ ಜಾಗವನ್ನು ಕಂಡುಹಿಡಿಯಲು ಸುಲಭೋಪಾಯವಿದೆ. ನಡುಮಧ್ಯಾಹ್ನ ಬಾಗಿಲು, ಕಿಟಕಿಗಳನ್ನು ಮುಚ್ಚಿ ಒಳಗಿನಿಂದ ಮೇಲೆ ನೋಡಬೇಕು. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಕೆಳಗಿನ ನೆಲದ ಮೇಲೆ ಗುರುತು ಮಾಡಿ, ಅಲ್ಲಿನ ಬೋಲ್ಟು, ವಾಷರುಗಳನ್ನು ಬದಲಿಸಬೇಕು. ಹಳೆಯ ಸಿಮೆಂಟ್ ಶೀಟುಗಳ ಮೇಲೆ ನೇರವಾಗಿ ಕಾಲಿಡುವುದು ಪ್ರಾಣಾಪಾಯಕರ. ತೊಲೆಗಳಿಗೆ ಅಡ್ಡಲಾಗಿ ಗಟ್ಟಿ ಹಲಗೆ ಹಾಕಿಕೊಂಡು ಅದರ ಮೇಲೆಯೇ ನಡೆಯಬೇಕು.

ನೆಲ ಮತ್ತು ಗೋಡೆ

ಒಂದು ಮೀಟರ್ ಚದರದ ಪಾಲಿಥಿನ್ ಹಾಳೆಯನ್ನು ನೆಲದ ಮೇಲೆ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹಾಳೆಯ ಕೆಳಗೆ ಹನಿ ಕಂಡರೆ ನೆಲದಿಂದ ತೇವ ಏರುತ್ತಿದೆ ಎಂದು ತಿಳಿಯಬೇಕು. ಅಂಥ ನೆಲದ ಮೇಲೆ ಚೀಲ ಇಟ್ಟರೆ ಕೆಳಸಾಲಿನ ಧಾನ್ಯ ಬೂಸರು ಹಿಡಿಯುವುದು ಖಂಡಿತ. ಎಂಥ ನೆಲವಿದ್ದರೂ ಚೀಲಗಳನ್ನು ಮರದ ಅಡ್ಡೆಗಳ ಮೇಲೆಯೇ ಪೇರಿಸಬೇಕು. ಗೋಡೆಗೂ ಅಟ್ಟಿಗೂ ನಡುವೆ ಒಬ್ಬ ಆಳು ಓಡಾಡುವಷ್ಟು ಜಾಗ ಬಿಡಬೇಕು. ಚೀಲಗಳನ್ನು ಗೋಡೆಗೆ ಒರಗಿಸಿದರೆ ಗೋಡೆಯ ಮೇಲೆ ಭಾರ ಬೀಳುವುದಲ್ಲದೆ ಬಿರುಕು, ತೇವ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು, ಅದರ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಡ್ಡಲಾಗಿ ಅಂಟಿಸಿ ತಾರೀಖು ಬರೆದಿಡಬೇಕು. ಗಾಜು ಒಡೆದರೆ ಗೋಡೆ ಇನ್ನೂ ಕದಲುತ್ತಿದೆ ಎಂದರ್ಥ. ಆಗ ಗಾರೆ ಮೆತ್ತಿದರೆ ಸಾಲದು, ಎಂಜಿನಿಯರರಿಗೆ ತೋರಿಸಬೇಕು.

ರಸಗೊಬ್ಬರವನ್ನು ಧಾನ್ಯ ಅಥವಾ ಬಿತ್ತನೆ ಬೀಜದೊಡನೆ ಒಂದೇ ಕೊಠಡಿಯಲ್ಲಿ ಇಡಬಾರದು. ಯೂರಿಯಾ ಗಾಳಿಯ ತೇವವನ್ನು ಹೀರಿ ನೀರಾಡುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಇಲಿ ಮತ್ತು ಹುಳು

ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಬಾಗಿಲಿನ ಕೆಳಅಂಚಿಗೆ ತಗಡು ಹೊಡೆಸಿ, ಗವಾಕ್ಷಿಗಳಿಗೆ 6 ಮಿ.ಮೀ. ಕಣ್ಣಿನ ತಂತಿಬಲೆ ಹಾಕಿಸಬೇಕು. ಗೋಡೆಗೆ ತಾಗಿದ ಮರದ ಕೊಂಬೆಗಳನ್ನು ಕಡಿದು, ಸುತ್ತಲ ಕಸಕಡ್ಡಿ ತೆಗೆಸಬೇಕು.

ಸೊಂಡಿಲು ಕೀಟ, ಹಿಟ್ಟಿನ ಕೆಂಪು ಕೀಟಗಳು ಹಳೆಯ ಚೀಲಗಳಲ್ಲಿ, ನೆಲದ ಬಿರುಕುಗಳಲ್ಲಿ ಉಳಿದು ಹೊಸ ದಾಸ್ತಾನಿಗೆ ಹಬ್ಬುತ್ತವೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ ಬೆಳೆಯುವುದರಿಂದ ಕೆಲವೇ ಕೀಟಗಳಿಂದ ಭಾರಿ ನಷ್ಟವಾಗುತ್ತದೆ. ದಾಸ್ತಾನು ಖಾಲಿಯಾದೊಡನೆ ಮೂಲೆಮೂಲೆ ಗುಡಿಸಿ, ಕಸವನ್ನು ದೂರ ಒಯ್ದು ಸುಟ್ಟು, ಬಿರುಕು ಮುಚ್ಚಿ ಸುಣ್ಣ ಬಳಿಸಬೇಕು. ಒಳಬರುವ ಧಾನ್ಯವನ್ನೂ ಪರೀಕ್ಷಿಸಬೇಕು. ಏಕದಳ ಧಾನ್ಯಗಳಲ್ಲಿ ತೇವಾಂಶ ಶೇಕಡಾ 12ಕ್ಕಿಂತ ಹೆಚ್ಚಿರದಂತೆ ನೋಡಿಕೊಂಡರೆ ಬಹುಕಾಲ ಕೆಡದೆ ಉಳಿಯುತ್ತವೆ.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳಿಂದ ಹೊರಬರುವ ಫಾಸ್ಫೀನ್ ಅನಿಲ ಕೀಟಗಳಷ್ಟೇ ಮನುಷ್ಯನಿಗೂ ಮಾರಕ. ಧೂಮೀಕರಣವನ್ನು ಪರವಾನಗಿ ಪಡೆದ ತಜ್ಞರಿಂದಲೇ ಮಾಡಿಸಬೇಕು. ವಾಸದ ಮನೆಗೆ ಹೊಂದಿಕೊಂಡ ಗೋದಾಮಿನಲ್ಲಿ ಇದನ್ನು ಮಾಡಿಸಲೇಬಾರದು. ಹಮಾಲರನ್ನು ಗಾಳಿಯಾಡಿದ ನಂತರ, ತಜ್ಞರು ಒಪ್ಪಿಗೆ ಕೊಟ್ಟ ಮೇಲಷ್ಟೇ ಒಳಗೆ ಬಿಡಬೇಕು.

ಗಾಳಿ, ವಿದ್ಯುತ್, ಲೆಕ್ಕ

ಒಣಹವೆಯ ದಿನ ಗವಾಕ್ಷಿಗಳನ್ನು ತೆರೆದು, ಮಳೆ, ಮಂಜಿನ ದಿನ ಮುಚ್ಚಿಡಬೇಕು. ತಂತಿಯ ಹೊದಿಕೆಯನ್ನು ಇಲಿ ಕಡಿದರೆ ಬೆಂಕಿಗೆ ದಾರಿಯಾಗುತ್ತದೆ. ವರ್ಷಕ್ಕೊಮ್ಮೆ ವೈರಿಂಗ್ ಪರೀಕ್ಷೆ ಮಾಡಿಸಿ, ಅಗ್ನಿಶಾಮಕ ಉಪಕರಣವನ್ನು ಬಾಗಿಲ ಬಳಿಯೇ ಇಡಬೇಕು.

ಬಾಡಿಗೆಯ ಒಂದು ಪಾಲನ್ನು ಪ್ರತಿ ತಿಂಗಳೂ ದುರಸ್ತಿಗೆಂದೇ ತೆಗೆದಿಡಬೇಕು. ಯಾವ ದುರಸ್ತಿ ಯಾರ ಹೊಣೆ ಎಂಬುದು ಕರಾರು ಪತ್ರದಲ್ಲಿ ಸ್ಪಷ್ಟವಾಗಿರಬೇಕು. ಪರೀಕ್ಷಿಸಿದ ದಿನ, ಕಂಡ ದೋಷ, ಮಾಡಿದ ಖರ್ಚು ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ವಿಮೆಯ ವಿಷಯ ಬಂದಾಗಲೂ ಅನುಕೂಲ. ಇಂದು ಒಂದು ವಾಷರ್ ಬದಲಿಸಲು ಬೇಸರಪಟ್ಟವನು ಮಳೆಗಾಲದಲ್ಲಿ ಪರರ ಧಾನ್ಯಕ್ಕೆ ಬೆಲೆ ಕಟ್ಟಿಕೊಡಬೇಕಾಗುತ್ತದೆ.